ವಿತ್‌ಡ್ರಾಯಲ್ ಬ್ಲೀಡಿಂಗ್: ಗುಳಿಗೆ ಬಿಟ್ಟ ಮೇಲೆ ಬರುವ ಮುಟ್ಟು

ಜನವರಿ ಬಂತೆಂದರೆ ಕೊಪ್ಪಳದ ಔಷಧ ಅಂಗಡಿಗಳಲ್ಲಿ ಒಂದು ಮಾತು ಪಿಸುದನಿಯಲ್ಲಿ ಕೇಳಿಬರುತ್ತದೆ. "ಮುಂದಕ್ಕ ಹಾಕೋ ಗುಳಿಗಿ ಅದಾವೇನ್ರೀ?" ಗವಿಸಿದ್ಧೇಶ್ವರ ಜಾತ್ರೆ ಹತ್ತಿರ ಬಂದಿರುತ್ತದೆ. ತೇರಿನ ದಿನವೇ ಹೊರಗಾದರೆ ಹೇಗೆ ಅನ್ನುವ ಚಿಂತೆ. ಅದು ಮುಗಿದರೆ ಹುಲಿಗಿಯ ಹುಣ್ಣಿಮೆ, ಆಮೇಲೆ ಮದುವೆಗಳು. ಮುಟ್ಟಾದವರು ತೇರು ನೋಡಬಾರದು ಅನ್ನುವುದನ್ನು ನಾನಂತೂ ಒಪ್ಪುವುದಿಲ್ಲ. ಆದರೆ ಕೌಂಟರಿನ ಮುಂದೆ ನಿಂತವಳಿಗೆ ನನ್ನ ವಾದ ಬೇಕಿಲ್ಲ, ಗುಳಿಗೆಯ ವಿಷಯ ಬೇಕು.

ಜಾತ್ರೆ ಮುಗಿದ ವಾರ ಅವರಲ್ಲೇ ಕೆಲವರು ಮತ್ತೆ ಬರುತ್ತಾರೆ. ಗುಳಿಗೆ ಬಿಟ್ಟ ಎರಡೇ ದಿನಕ್ಕೆ ಶುರುವಾಯಿತು, ಯಾವತ್ತಿಗಿಂತ ಜಾಸ್ತಿ ಹೋಗುತ್ತಿದೆ, ಗುಳಿಗೆ ಉಲ್ಟಾ ಹೊಡೆಯಿತಾ? ಇಲ್ಲ. ಎರಡು ದಿನಕ್ಕೆ ಶುರುವಾಗಿದ್ದು ಲೆಕ್ಕದ ಪ್ರಕಾರವೇ. ಇದಕ್ಕೆ ಡಾಕ್ಟರುಗಳು ವಿತ್‌ಡ್ರಾಯಲ್ ಬ್ಲೀಡಿಂಗ್ ಅನ್ನುತ್ತಾರೆ. ವಿತ್‌ಡ್ರಾಯಲ್ ಅಂದ ಕೂಡಲೇ ನಮಗೆ ಬ್ಯಾಂಕಿನ ಚೀಟಿ ನೆನಪಾಗುತ್ತದೆ, ಅಲ್ವಾ? ಇಲ್ಲಿ ವಾಪಸ್ ತೆಗೆಯುವುದು ದುಡ್ಡಲ್ಲ, ಹಾರ್ಮೋನು. ಕನ್ನಡದಲ್ಲಿ ನಾನು 'ಬಿಟ್ಟ ಮೇಲಿನ ಸ್ರಾವ' ಅನ್ನುತ್ತೇನೆ. ಕೇಳಿದವರಿಗೆ ತಟ್ಟನೆ ಅರ್ಥವಾಗುತ್ತದೆ.

ಏನನ್ನು ಬಿಟ್ಟ ಮೇಲೆ? ಗಂಗಾವತಿ, ಸಿಂಧನೂರು ಕಡೆಯವರಿಗೆ ಭತ್ತದ ಗದ್ದೆಯ ಮಾತಿನಲ್ಲೇ ಹೇಳಬಹುದು. ನಾಟಿಯಾದ ಪೈರು ಮೊದಲು ಎತ್ತರಕ್ಕೆ ಏಳುತ್ತದೆ. ಆಮೇಲೆ ಏಳುವುದು ನಿಂತು ಕಾಳಿಗೆ ಹಾಲು ತುಂಬುತ್ತದೆ. ಗರ್ಭಕೋಶದ ಒಳಪದರವೂ ಹಾಗೇ. ತಿಂಗಳ ಮೊದಲ ಅರ್ಧ ಈಸ್ಟ್ರೋಜನ್ ಅದನ್ನು ದಪ್ಪಗೆ ಬೆಳೆಸುತ್ತದೆ. ಅಂಡ ಬಿಡುಗಡೆಯಾದ ಮೇಲೆ, ಅದು ಹೊರಬಿದ್ದ ಜಾಗದಲ್ಲಿ ಒಂದು ಹಳದಿ ಗಂಟು ಉಳಿಯುತ್ತದೆ. ಅದು ಪ್ರೊಜೆಸ್ಟೆರಾನ್ ಸುರಿಸುತ್ತದೆ. ಪದರ ದಪ್ಪವಾಗುವುದು ನಿಲ್ಲುತ್ತದೆ, ಒಳಗೆ ಪೋಷಕಾಂಶ ತುಂಬಿಕೊಳ್ಳುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು 14 ದಿನಕ್ಕೆ ಆ ಗಂಟು ಬಾಡುತ್ತದೆ. ಪ್ರೊಜೆಸ್ಟೆರಾನ್ ಇಳಿಯುತ್ತದೆ. ಪದರಕ್ಕೆ ರಕ್ತ ತರುವ ಸುರುಳಿ ನಾಳಗಳು ಬಿಗಿಯುತ್ತವೆ. ಕಾಲುವೆಗೆ ನೀರು ನಿಂತ ಹಾಗೆ. ಪದರ ಸಾಯುತ್ತದೆ, ಕಳಚಿ ಹೊರಗೆ ಬರುತ್ತದೆ. ಗದ್ದೆಯ ಹೋಲಿಕೆ ಇಲ್ಲಿಗೆ ಮುಗಿಯಿತು, ಏಕೆಂದರೆ ಒಣಗಿದ ಭತ್ತ ತಾನಾಗಿ ಗದ್ದೆ ಖಾಲಿ ಮಾಡುವುದಿಲ್ಲ!

ಹಾಗೆ ನೋಡಿದರೆ ಪ್ರತಿ ತಿಂಗಳ ಮುಟ್ಟೂ ಒಂದು ವಿತ್‌ಡ್ರಾಯಲ್ಲೇ. ಮುಟ್ಟು ತರಿಸುವ ಹಾರ್ಮೋನು ಅಂತ ಒಂದಿಲ್ಲ. ಇದ್ದ ಹಾರ್ಮೋನು ಹೋದಾಗ ಮುಟ್ಟು ಬರುತ್ತದೆ. ಇಷ್ಟು ಹಿಡಿದುಕೊಂಡರೆ ಒಂದು ದೊಡ್ಡ ಗೊಂದಲ ಬಿಡುತ್ತದೆ. 'ಮುಂದಕ್ಕೆ ಹಾಕುವ ಗುಳಿಗೆ' ಮತ್ತು 'ಮುಟ್ಟು ಬರಿಸುವ ಗುಳಿಗೆ' ಎಷ್ಟೋ ಸಲ ಒಂದೇ ಆಗಿರುವುದು ಯಾಕೆ ಅಂತ ಜನ ಕೇಳುತ್ತಾರೆ. ನುಂಗುತ್ತಿರುವಷ್ಟು ದಿನ ಅದು ತಡೆಯುತ್ತದೆ. ಬಿಟ್ಟ ದಿನದಿಂದ ಅದೇ ಬರಿಸುತ್ತದೆ.

ಆ ಗುಳಿಗೆಯ ಹೆಸರು ಸಾಮಾನ್ಯವಾಗಿ ನಾರ್‌ಎಥಿಸ್ಟೆರಾನ್. ಪ್ರೊಜೆಸ್ಟೆರಾನಿನ ಕೆಲಸ ಮಾಡುವ, ಪ್ರಯೋಗಾಲಯದಲ್ಲಿ ತಯಾರಾದ ಅಣು. ಇಂಥವಕ್ಕೆ ಪ್ರೊಜೆಸ್ಟಿನ್ ಅಂತ ಹೆಸರು. ಅಸಲಿ ಪ್ರೊಜೆಸ್ಟೆರಾನನ್ನು ಸುಮ್ನೆ ನುಂಗಿದರೆ ಬಹುಪಾಲು ಲಿವರಿನಲ್ಲೇ ಹಾಳಾಗುತ್ತದೆ. ಲಿವರಿಗೆ ಅಷ್ಟು ಸುಲಭಕ್ಕೆ ಸಿಗದ ಅಣುವನ್ನು 1951ರ ಅಕ್ಟೋಬರ್ 15ರಂದು ಮೆಕ್ಸಿಕೋ ನಗರದ ಸಿಂಟೆಕ್ಸ್ ಕಂಪನಿಯಲ್ಲಿ ಲೂಯಿಸ್ ಮಿರಮೊಂಟೆಸ್ ತಯಾರಿಸಿದರು. ಆಗ ಅವರಿಗೆ 26 ವರ್ಷ. ಕಾರ್ಲ್ ಜೆರಾಸಿ ಮತ್ತು ಜಾರ್ಜ್ ರೋಸೆನ್‌ಕ್ರಾಂಜ್ ಅವರ ಮೇಲ್ವಿಚಾರಣೆಯಲ್ಲಿ ನಡೆದ ಕೆಲಸ ಅದು. ಮುಂದೆ ಗರ್ಭನಿರೋಧಕ ಗುಳಿಗೆಗಳಿಗೂ ಇದೇ ಅಣು ದಾರಿ ಮಾಡಿತು.

ಮುಂದೂಡಲು ಡಾಕ್ಟರು ಸಾಮಾನ್ಯವಾಗಿ ಬರೆಯುವುದು 5 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಮುಟ್ಟಿನ ದಿನಕ್ಕಿಂತ 3 ದಿನ ಮೊದಲಿನಿಂದ. ಮೊದಲೇ ಯಾಕೆ? ನಮ್ಮದೇ ಪ್ರೊಜೆಸ್ಟೆರಾನ್ ಇಳಿದು ನಾಳಗಳು ಬಿಗಿಯಲು ಶುರುವಾದ ಮೇಲೆ ಗುಳಿಗೆ ನುಂಗಿದರೆ ನಡೆಯುವುದಿಲ್ಲ. "ಇವತ್ತು ಬೆಳಿಗ್ಗೆ ಕಲೆ ಕಾಣಿಸ್ತು, ಈಗ ಕೊಡ್ರಿ" ಅಂದರೆ ತಡವಾಯಿತು ಅಂತಲೇ ಅರ್ಥ. ಮೂರು ಸಲ ಯಾಕೆಂದರೆ, ಇದು ರಕ್ತದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಜಾತ್ರೆ ಗದ್ದಲದಲ್ಲಿ ಒಂದೆರಡು ಹೊತ್ತು ಮರೆತರೆ ನಡುವೆಯೇ ಕಲೆ ಕಾಣಬಹುದು. ಇನ್ನೊಂದು ಮಾತು: ಹೀಗೆ ನುಂಗಿದರೆ ಇದು ಗರ್ಭ ತಡೆಯುವ ಗುಳಿಗೆಯಲ್ಲ. ಅದಕ್ಕೆ ಬೇರೆ ಉಪಾಯ ಬೇಕು.

ಬಿಟ್ಟ ಮೇಲಿನ ಸ್ರಾವವನ್ನು ತಿಂಗಳು ತಿಂಗಳೂ ಕಾಣುವವರು ಇನ್ನೊಬ್ಬರಿದ್ದಾರೆ. ಅವರು ಗರ್ಭನಿರೋಧಕ ಗುಳಿಗೆ ನುಂಗುವವರು. ಆಶಾ ಕಾರ್ಯಕರ್ತೆ ಕೊಡುವ ಮಾಲಾ-ಎನ್ ಎಂಬ ಗರ್ಭನಿರೋಧಕದ ಪಟ್ಟಿಯಲ್ಲಿ 28 ಗುಳಿಗೆ. 21ರಲ್ಲಿ ಲೆವೊನಾರ್ಜೆಸ್ಟ್ರೆಲ್ ಮತ್ತು ಎಥಿನೈಲ್ ಈಸ್ಟ್ರಡಯಾಲ್ ಎಂಬ ಎರಡು ಹಾರ್ಮೋನುಗಳಿವೆ. ಉಳಿದ 7 ಬರೀ ಕಬ್ಬಿಣಾಂಶದವು. ಆ ಏಳು ದಿನ ಹಾರ್ಮೋನು ಇಲ್ಲ, ಅದಕ್ಕೇ ಸ್ರಾವ. ಅಂಡ ಬಿಡುಗಡೆ ಆಗಿಲ್ಲದ ಕಾರಣ ಅದನ್ನು ಅಸಲಿ ಮುಟ್ಟು ಅನ್ನುವ ಹಾಗಿಲ್ಲ. ಪದರ ತೆಳ್ಳಗೇ ಇರುವುದರಿಂದ ಸಾಮಾನ್ಯವಾಗಿ ಕಮ್ಮಿಯೇ ಹೋಗುತ್ತದೆ. "ಕೆಟ್ಟ ರಕ್ತ ಒಳಗೇ ಉಳೀತು" ಅಂತ ಹೆದರಿ ಎಷ್ಟೋ ಜನ ಗುಳಿಗೆಯನ್ನೇ ಬಿಡುತ್ತಾರೆ. ಒಳಗೆ ಯಾವುದೂ ಕಟ್ಟಿಕೊಂಡಿರುವುದಿಲ್ಲ. ಕಟ್ಟಿದ್ದೇ ಕಮ್ಮಿ, ಕಳಚುವುದೂ ಕಮ್ಮಿ.

ಡಾಕ್ಟರುಗಳು ಇದನ್ನೇ ಪರೀಕ್ಷೆಯಾಗಿಯೂ ಬಳಸುತ್ತಾರೆ. ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇರುವ ಹುಡುಗಿಗೆ ಮೂರ್ನಾಲ್ಕು ತಿಂಗಳು ಮುಟ್ಟಾಗಿಲ್ಲ ಅನ್ನಿ. ಗರ್ಭ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಪ್ರೊಜೆಸ್ಟಿನ್ ಕೊಡುತ್ತಾರೆ, 10 ಮಿಲಿಗ್ರಾಂ, 5ರಿಂದ 10 ದಿನ. ಬಿಟ್ಟ ಮೇಲೆ ಸ್ರಾವ ಬಂದರೆ ಈಸ್ಟ್ರೋಜನ್ ತನ್ನ ಕೆಲಸ ಮಾಡಿದೆ, ಪದರ ಬೆಳೆದಿದೆ, ದಾರಿಯೂ ತೆರೆದಿದೆ ಎಂದು ಅರ್ಥ. ಕೊರತೆ ಇದ್ದದ್ದು ಪ್ರೊಜೆಸ್ಟೆರಾನಿನದು. ಬರದಿದ್ದರೆ ಹುಡುಕಾಟ ಬೇರೆ ಕಡೆ.

ಇದರಿಂದಲೇ ಒಂದು ಅಪಾಯದ ತಪ್ಪು ತಿಳಿವಳಿಕೆಯೂ ಹುಟ್ಟಿದೆ. ಬ್ರಿಟನ್ನಿನಲ್ಲಿ 1950ರ ದಶಕದ ಕೊನೆಯಿಂದ 1970ರ ದಶಕದವರೆಗೆ ಗರ್ಭ ಇದೆಯೋ ಇಲ್ಲವೋ ನೋಡಲು ನಾರ್‌ಎಥಿಸ್ಟೆರಾನ್ ಇದ್ದ ಗುಳಿಗೆ ಕೊಡುತ್ತಿದ್ದರು. ಸ್ರಾವ ಬಂದರೆ ಗರ್ಭ ಇಲ್ಲ ಅನ್ನುವ ಲೆಕ್ಕ. ಮಗುವಿಗೆ ತೊಂದರೆ ಆಗಬಹುದೆಂಬ ಅನುಮಾನ ಎದ್ದ ಮೇಲೆ ಆ ಪದ್ಧತಿ ನಿಂತಿತು. ನಮ್ಮಲ್ಲಿ ಅದು 'ಮುಟ್ಟು ಬರಿಸುವ ಗುಳಿಗೆ ನುಂಗಿದರೆ ಗರ್ಭ ಇಳಿಯುತ್ತದೆ' ಎಂಬ ನಂಬಿಕೆಯಾಗಿ ಉಳಿದಿದೆ. ಇಳಿಯುವುದಿಲ್ಲ. ಗರ್ಭ ನಿಂತಿದ್ದರೆ ಆ ಹಳದಿ ಗಂಟು 14 ದಿನಕ್ಕೆ ಬಾಡುವುದಿಲ್ಲ. ಅದು ಪ್ರೊಜೆಸ್ಟೆರಾನ್ ಕೊಡುತ್ತಲೇ ಇರುತ್ತದೆ. ನೀವು ಗುಳಿಗೆ ಬಿಟ್ಟರೂ ಒಳಗಿನ ಕಾಲುವೆ ಹರಿಯುತ್ತಲೇ ಇರುತ್ತದೆ.

ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು, ಲಿವರ್ ಕಾಯಿಲೆಯವರು, ಸ್ತನ ಕ್ಯಾನ್ಸರ್ ಆದವರು, ಕಾರಣ ತಿಳಿಯದೆ ಸ್ರಾವವಾಗುತ್ತಿರುವವರು ಈ ಮುಂದೂಡುವ ಗುಳಿಗೆಯನ್ನು ಮುಟ್ಟಬಾರದು. ನಾರ್‌ಎಥಿಸ್ಟೆರಾನಿನ ಒಂದು ಪಾಲು ದೇಹದಲ್ಲಿ ಎಥಿನೈಲ್ ಈಸ್ಟ್ರಡಯಾಲ್ ಆಗಿ ಬದಲಾಗುತ್ತದೆ. ಹೆಪ್ಪುಗಟ್ಟುವ ಭಯ ಅಲ್ಲಿಂದ. ಅಕ್ಕನಿಗೆ ಬರೆದ ಚೀಟಿ ತಂಗಿಗೆ ನಡೆಯುವುದಿಲ್ಲ ಅಂತ ನಾನು ಜಗಳ ಮಾಡುವುದು ಇದಕ್ಕೇ.

ಗುಳಿಗೆ ಬಿಟ್ಟ 2-3 ದಿನಕ್ಕೆ ಸ್ರಾವ ಬರುವುದು ವಾಡಿಕೆ. ಮೊದಲ ಎರಡು ದಿನ ಸ್ವಲ್ಪ ಜಾಸ್ತಿ ಹೋದರೆ ಗಾಬರಿ ಬೇಡ. ಗಂಟೆಗೊಂದು ಪ್ಯಾಡ್ ತೋಯುತ್ತಿದ್ದರೆ ಆಸ್ಪತ್ರೆಗೆ ಹೋಗಬೇಕು. ಒಂದು ವಾರವಾದರೂ ಬರಲೇ ಇಲ್ಲ, ಇನ್ನೊಂದು ಪಟ್ಟಿ ಗುಳಿಗೆ ಕೊಡಿ ಅಂತ ಯಾರಾದರೂ ಬಂದರೆ, ನಾನು ಗುಳಿಗೆ ಕೊಡುವುದಿಲ್ಲ. ಮೂತ್ರದಲ್ಲಿ ಗರ್ಭ ನೋಡುವ ಕಿಟ್ ಕೊಡುತ್ತೇನೆ.