ಸೋತ ಹೃದಯ, ಗಾಬರಿಬಿದ್ದ ಮೆದುಳು

ಬೇಸಿಗೆ ಬಂತೆಂದರೆ ಶಿರಸಿ ಕಡೆ ಊಟಕ್ಕೆ ಮಾವಿನಕಾಯಿಯ ತಿಳಿಸಾರು ಅಪ್ಪೆಹುಳಿ ಇರಲೇಬೇಕು. ಘಟ್ಟದ ಕೆಳಗೆ ಕಾರವಾರದಲ್ಲಿ ಗಂಜಿಯ ಜೊತೆ ಒಣಮೀನು. ಹೃದಯ ವೈಫಲ್ಯ ಇರುವವರಿಗೆ ಡಾಕ್ಟರು ಮೊದಲು ಕೈಯಿಡುವುದೇ ಇಂಥ ಉಪ್ಪಿನ ಮೇಲೆ. ಕೆಲವರಿಗೆ ನೀರನ್ನೂ ಅಳೆದು ಕುಡಿಯಿರಿ ಅನ್ನುತ್ತಾರೆ. ಕಾಲು ಊದಿರುತ್ತದೆ, ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಹಾಗೇ ಉಳಿಯುತ್ತದೆ. ಮೈಯಲ್ಲಿ ಇಷ್ಟು ನೀರಿದ್ದೂ ಬಾಯಾರಿಕೆ ಯಾಕೆ?

ಹೃದಯ ವೈಫಲ್ಯ ಎಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತ ತಳ್ಳಲು ಅದಕ್ಕೆ ಆಗುತ್ತಿಲ್ಲ, ಅಷ್ಟೇ. ಕತ್ತಿನ ರಕ್ತನಾಳದಲ್ಲೂ ಹೃದಯದಿಂದ ಹೊರಡುವ ಮಹಾಪಧಮನಿಯ ಬಾಗಿನಲ್ಲೂ ಒತ್ತಡ ಅರಿಯುವ ನರದ ತುದಿಗಳಿವೆ. ಒತ್ತಡ ಇಳಿದರೆ ಅವು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಗಾಯವಾಗಿ ರಕ್ತ ಸೋರಿದಾಗಲೂ ಹೋಗುವುದು ಇದೇ ಸುದ್ದಿ. ಹೃದಯ ಸೋತಿದೆಯೋ ರಕ್ತ ಸೋರಿದೆಯೋ, ಮೆದುಳಿಗೆ ಹೇಗೆ ಗೊತ್ತಾಗಬೇಕು? ಅದು ನೀರು ಉಳಿಸಲು ಹೊರಡುತ್ತದೆ.

ಮೆದುಳಿನ ತಳಭಾಗದ ಹೈಪೋಥಾಲಮಸ್‌ನಲ್ಲಿ ವಾಸೊಪ್ರೆಸಿನ್ ಎಂಬ ಹಾರ್ಮೋನ್ ತಯಾರಾಗುತ್ತದೆ. ಬರೀ 9 ಅಮೈನೊ ಆಮ್ಲಗಳ ಪುಟ್ಟ ಸರಪಳಿ. ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಇಳಿದು ಮೂತ್ರಪಿಂಡ ಸೇರುತ್ತದೆ. ಅಲ್ಲಿನ ಸಣ್ಣ ನಾಳಗಳ ಗೋಡೆಯಲ್ಲಿ ನೀರು ಹಾಯುವ ದಾರಿಗಳು ಜಾಸ್ತಿಯಾಗಿ, ಮೂತ್ರವಾಗಬೇಕಿದ್ದ ನೀರು ರಕ್ತಕ್ಕೇ ವಾಪಸ್ಸಾಗುತ್ತದೆ. ರಕ್ತನಾಳಗಳೂ ಬಿಗಿಯುತ್ತವೆ. ಜೊತೆಗೆ ಮೆದುಳು ಬಾಯಾರಿಕೆಯನ್ನೂ ಎಬ್ಬಿಸುತ್ತದೆ.

ಹೀಗೆ ನೀರು ತುಂಬಿ ರಕ್ತ ತೆಳುವಾಗುತ್ತದೆ. ರಿಪೋರ್ಟಿನಲ್ಲಿ ‘ಸೋಡಿಯಂ ಕಮ್ಮಿ’ ಅಂತ ಕಂಡರೆ ಮನೆಯವರು ಸುಮ್ನೆ ಉಪ್ಪು ಹೆಚ್ಚು ಹಾಕಿಬಿಡುವುದುಂಟು. ಎಷ್ಟೋ ಸಲ ಅಲ್ಲಿ ಹೆಚ್ಚಾಗಿರುವುದು ನೀರು. ಅಂದಹಾಗೆ, ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪೇ ಆದರೂ ಅದರಲ್ಲಿರುವುದು ಸೋಡಿಯಂ ಕ್ಲೋರೈಡೇ. ಊರಿನ ಉಪ್ಪು ಅಂತ ವಿನಾಯಿತಿ ಇಲ್ಲ.

ಹಾಗಾದರೆ ವಾಸೊಪ್ರೆಸಿನ್‌ಗೇ ತಡೆ ಹಾಕಿದರೆ ಆಯ್ತು, ಅಲ್ವಾ? ಟಾಲ್‌ವಾಪ್ಟಾನ್ ಎಂಬ ಔಷಧಿಯಿಂದ ಅದನ್ನೇ ಮಾಡಿ ನೋಡಿದರು. 4,000ಕ್ಕೂ ಹೆಚ್ಚು ರೋಗಿಗಳ ಮೇಲಿನ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮೈಯ ನೀರು ಇಳಿಯಿತು, ಸಾವು ಮಾತ್ರ ಕಡಿಮೆಯಾಗಲಿಲ್ಲ.

ಫಲ ಕೊಟ್ಟದ್ದು ಬೇರೆ ದಾರಿ. ಮೆದುಳು ನರಗಳ ಮೂಲಕವೂ ಹೃದಯವನ್ನು ಓಡಿಸುತ್ತದೆ, ಹೃದಯವನ್ನು ಚುರುಕುಗೊಳಿಸುವ ನಾರ್‌ಅಡ್ರಿನಾಲಿನ್ ಎಂಬ ರಾಸಾಯನಿಕ ಸುರಿಯುತ್ತದೆ. ದಣಿದ ಎತ್ತಿಗೆ ಬಾರುಕೋಲು ಬೀಸಿದ ಹಾಗೆ. ತಿಂಗಳುಗಟ್ಟಲೆ ಇದೇ ನಡೆದರೆ ಸ್ನಾಯು ಸವೆಯುತ್ತದೆ. ಈ ಏಟನ್ನು ತಡೆಯುವುದು ಬೀಟಾ ಬ್ಲಾಕರ್ ಎಂಬ ಔಷಧಿ. ಮೊದಲೇ ಸೋತ ಹೃದಯವನ್ನು ಇನ್ನೂ ನಿಧಾನ ಮಾಡುವುದೇ ಎಂದು ವೈದ್ಯರೇ ಹೆದರುತ್ತಿದ್ದರು. 1975ರಲ್ಲಿ ಸ್ವೀಡನ್ನಿನ ವೈದ್ಯರು ಕೆಲವೇ ರೋಗಿಗಳಿಗೆ ಕೊಟ್ಟು ಒಳ್ಳೆಯದಾಯಿತು ಎಂದರು. 1999ರ ಎರಡು ದೊಡ್ಡ ಅಧ್ಯಯನಗಳಲ್ಲಿ ಸಾವು ಸುಮಾರು ಮೂರರಲ್ಲೊಂದು ಪಾಲು ತಗ್ಗಿತು. ಈಗಲೂ ಅದನ್ನು ತೀರಾ ಸಣ್ಣ ಡೋಸಿನಿಂದ ಶುರುಮಾಡಿ ಮೆಲ್ಲಗೆ ಏರಿಸುತ್ತಾರೆ. ಮೊದಲ ವಾರಗಳಲ್ಲಿ ಸುಸ್ತು ಅನ್ನಿಸಬಹುದು. ಹಾಗಂತ ಡಾಕ್ಟರನ್ನು ಕೇಳದೆ ಮಾತ್ರೆ ಬಿಟ್ಟರೆ ಅಪಾಯ.