ಲ್ಯಾಪ್‌ಟಾಪ್ ನಿಧಾನವಾದರೆ ಫಾರ್ಮ್ಯಾಟೇ ಏಕೆ?

"ತುಂಬಾ ಸ್ಲೋ ಆಗಿದೆ ಸರ್, ಒಂದು ಫಾರ್ಮ್ಯಾಟ್ ಮಾಡಿಕೊಟ್ಟುಬಿಡಿ." ರಿಪೇರಿ ಅಂಗಡಿಯಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಇದೇ ಇರಬೇಕು. ಮಾಡಿಕೊಡುವವರಿಗೂ ಇದು ಸಲೀಸು. ಪೆನ್‌ಡ್ರೈವ್ ಸಿಕ್ಕಿಸಿ, ಡಿಸ್ಕಿನಲ್ಲಿದ್ದದ್ದನ್ನು ಅಳಿಸಿ, ವಿಂಡೋಸನ್ನು ಹೊಸದಾಗಿ ಹಾಕಿ, ಸಂಜೆ ಹೊತ್ತಿಗೆ ಕೈಗಿತ್ತರೆ ಆಯಿತು. ಕೆಲವು ದಿನ ಯಂತ್ರ ಚುರುಕಾಗಿಯೇ ಇರುತ್ತದೆ. ಅಷ್ಟರಲ್ಲಿ ಬ್ರೌಸರ್, ಆಂಟಿವೈರಸ್, ಅಪ್‌ಡೇಟ್‌ಗಳೆಲ್ಲ ಬಂದು ಕೂರುತ್ತವೆ, ಹಳೆಯ ರಗಳೆ ಶುರುವಾಗುತ್ತದೆ. ಮುಂದಿನ ಸಲಹೆ ಗೊತ್ತೇ ಇದೆ: "ಹಳೆಯದಾಯಿತು, ಹೊಸದು ತೆಗೆದುಕೊಳ್ಳಿ."

ಎರಡಕ್ಕೂ ಮೊದಲು ಒಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಿ ನೋಡಬಹುದು. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು (ಪ್ರೊಸೆಸರ್) ಅಂಕಣದಲ್ಲಿ ಶೇಕಡಾ 15, 20 ಎಂದಿದ್ದು, ಡಿಸ್ಕ್ ಅಂಕಣ ಮಾತ್ರ ಕೆಂಪಗೆ 100ಕ್ಕೆ ಅಂಟಿಕೊಂಡಿದೆಯೇ? ಹಾಗಿದ್ದರೆ ಪ್ರೊಸೆಸರ್ ಸುಮ್ಮನೆ ಕಾಯುತ್ತಿದೆ, ತಡ ಮಾಡುತ್ತಿರುವುದು ಹಾರ್ಡ್ ಡಿಸ್ಕ್. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ ನೋಡಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಡಿಸ್ಕ್ ನೂರಕ್ಕೆ ನೂರು ದುಡಿಯುತ್ತಿದ್ದರೂ ಅದು ಓದುತ್ತಿರುವುದು ಸೆಕೆಂಡಿಗೆ ಒಂದೆರಡು ಎಂಬಿ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ.

ಇದು ಲೆಕ್ಕಕ್ಕೆ ಸಿಗುವ ಸಂಗತಿ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನೊಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಸರಿಯಲು ಮತ್ತೆ 12 ಮಿಲಿಸೆಕೆಂಡಿನ ಆಸುಪಾಸು. ಎರಡೂ ಸೇರಿದರೆ ಒಂದು ಓದಿಗೆ 17–18 ಮಿಲಿಸೆಕೆಂಡ್ ಆಯಿತು; ಸೆಕೆಂಡಿಗೆ 60 ಓದು ದಾಟುವುದೇ ಕಷ್ಟ. ವಿಂಡೋಸ್ ಏಳುವಾಗ ಕೇಳುವುದು ಎಲ್ಲೆಲ್ಲೋ ಚದುರಿರುವ ಸಾವಿರಾರು ಸಣ್ಣ ತುಣುಕುಗಳನ್ನು. ಒಂದೊಂದು 4 ಕೆಬಿ ಎಂದು ಹಿಡಿದರೆ ಸೆಕೆಂಡಿಗೆ ಕಾಲು ಎಂಬಿಯೂ ಆಗಲಿಲ್ಲ! ಒಂದೊಂದು ಹಾಳೆಗೂ ಒಂದೊಂದು ಬೀರುವಿಗೆ ಎದ್ದು ಹೋಗಬೇಕಾದ ಗುಮಾಸ್ತನ ಪಾಡು ಇದು. ಅವನನ್ನು ಎಷ್ಟು ಗದರಿದರೂ, ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ನಡಿಗೆಯ ವೇಗ ಅಷ್ಟೇ.

ಇದಕ್ಕೆ ಮದ್ದು ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ, ಅಂದರೆ ಚಿಪ್‌ಗಳಲ್ಲಿ ದತ್ತಾಂಶ ಇಡುವ ಡ್ರೈವ್, ಹಾಕುವುದು. ಅದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಮುಳ್ಳೂ ಇಲ್ಲ. ಅದೇ ತುಣುಕು ಸಿಗಲು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಡಬ್ಬದ ಮೇಲೆ ಮುದ್ರಿಸಿರುವ ಸೆಕೆಂಡಿಗೆ 550 ಎಂಬಿ ವೇಗದ ಬಗ್ಗೆ ಅಂಗಡಿಯವರು ಎಷ್ಟೇ ಹೇಳಲಿ, ಹಳೆಯ ಯಂತ್ರಕ್ಕೆ ಜೀವ ಬರುವುದು ಆ ಅಂಕಿಯಿಂದಲ್ಲ, ಈ ಕಾಯುವಿಕೆ ತಪ್ಪುವುದರಿಂದ. ಹಾಗಾಗಿ ಹಳೆಯ ಡಿಸ್ಕಿನ ಜಾಗಕ್ಕೇ ಕೂರುವ ಎರಡೂವರೆ ಇಂಚಿನ ಸಾಧಾರಣ ಸಾಟಾ ಎಸ್‌ಎಸ್‌ಡಿಯೇ ಸಾಕು. ಹೆಚ್ಚಿನ ಬೆಲೆಯದನ್ನು ಹಾಕಿಸುವ ಆಸೆಗೆ ಬೀಳಬೇಡಿ.

ಬಿಚ್ಚಿ ಹಾಕುವ ಕೆಲಸ ಕೈ ನಿಧಾನವಿರುವ ಯಾರಿಗಾದರೂ ಸಾಧ್ಯ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ಬೆನ್ನಿನ ಚಿತ್ರ ಗೀಚಿ, ತೆಗೆದ ಸ್ಕ್ರೂಗಳನ್ನು ಅದೇ ಜಾಗದಲ್ಲಿ ಇಡುತ್ತಾ ಹೋಗಿ. ಅವುಗಳ ಉದ್ದ ಒಂದೇ ಸಮ ಇರುವುದಿಲ್ಲ. ಗಿಡ್ಡ ಸ್ಕ್ರೂವಿನ ತೂತಿಗೆ ಉದ್ದದ್ದನ್ನು ತಿರುಗಿಸಿದರೆ ಮೇಲ್ಭಾಗದ ಪ್ಲಾಸ್ಟಿಕ್ ಉಬ್ಬುತ್ತದೆ, ಇಲ್ಲವೇ ಬೋರ್ಡಿಗೇ ಚುಚ್ಚುತ್ತದೆ. ಮುಚ್ಚಳ ತೆರೆದ ಮೇಲೆ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಕೆಲವು ಮಾದರಿಗಳಲ್ಲಿ ಕೀಬೋರ್ಡನ್ನೂ ಎತ್ತಬೇಕಾಗುತ್ತದೆ. ಅದರ ಚಪ್ಪಟೆ ಕೇಬಲ್ಲನ್ನು ಎಳೆಯಬಾರದು. ಉಗುರಿನಷ್ಟು ಅಗಲದ ಕಪ್ಪು ಪಟ್ಟಿಯೊಂದು ಅದನ್ನು ಕಚ್ಚಿ ಹಿಡಿದಿರುತ್ತದೆ, ಅದನ್ನು ಮೇಲಕ್ಕೆತ್ತಿದರೆ ಕೇಬಲ್ ತಾನಾಗಿ ಜಾರಿ ಬರುತ್ತದೆ. ಆ ಪಟ್ಟಿ ಮುರಿದ ಬೋರ್ಡುಗಳು ರಿಪೇರಿಗೆ ಬರುತ್ತಲೇ ಇರುತ್ತವೆ.

ಆದರೆ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಹಳೆಯ ಡಿಸ್ಕಿನ ಆರೋಗ್ಯ ನೋಡಲೇಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕ್ ತಾನೇ ಬರೆದಿಟ್ಟುಕೊಂಡ ಲೆಕ್ಕವನ್ನು ತೋರಿಸುತ್ತದೆ. ಅದರಲ್ಲಿ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಸಾಲು ಸೊನ್ನೆಯಲ್ಲದಿದ್ದರೆ ಡಿಸ್ಕಿನಲ್ಲಿ ಓದಲಾಗದ ಜಾಗಗಳಿವೆ ಎಂದರ್ಥ. ಇಂಥ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದು ಶುದ್ಧ ಅವಿವೇಕ. ವಿಂಡೋಸ್ ವಿಸ್ಟಾದಿಂದೀಚೆಗೆ ಪೂರ್ಣ ಫಾರ್ಮ್ಯಾಟ್ ಎಂದರೆ ಡಿಸ್ಕಿನ ಮೇಲೆಲ್ಲ ಸೊನ್ನೆ ಬರೆಯುವುದು. ಆಮೇಲೆ ಮಗುವಿನ ನಾಮಕರಣದ ಫೋಟೊ ಬೇಕೆಂದರೆ ಯಾರೂ ತಂದುಕೊಡಲಾರರು. ಮೊದಲು ಫೋಟೊ, ದಾಖಲೆಗಳನ್ನು ಬೇರೆಡೆಗೆ ನಕಲು ಮಾಡಿ. ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದರೆ ನಕಲಿನ ಸಾಹಸವೂ ಬೇಡ, ಕೂಡಲೇ ಆಫ್ ಮಾಡಿ ದತ್ತಾಂಶ ಮರಳಿ ತೆಗೆಯುವವರ ಬಳಿ ಒಯ್ಯಿರಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಗಾಬರಿ ಕಾದಿರುತ್ತದೆ. ಹೊಸ ವಿಂಡೋಸ್ ಹಾಕಿದ ಮೇಲೆ ಹಳೆಯ ಕಡತ ತೆರೆದರೆ ಪುಟದ ತುಂಬಾ ಅರ್ಥವಿಲ್ಲದ ರೋಮನ್ ಅಕ್ಷರಗಳು. ಶಾಲೆಯ ಪ್ರಶ್ನೆಪತ್ರಿಕೆ, ಸಂಘದ ನಡಾವಳಿ, ಡಿಟಿಪಿ ಅಂಗಡಿಯ ಲಗ್ನಪತ್ರಿಕೆ ಎಲ್ಲಕ್ಕೂ ಇದೇ ಗತಿ. ವೈರಸ್ ಬಂದಿದೆ ಎಂದುಕೊಂಡು ಅಳಿಸಿಬಿಟ್ಟವರೂ ಇದ್ದಾರೆ. ಕಡತಕ್ಕೆ ಏನೂ ಆಗಿರುವುದಿಲ್ಲ. ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಗಳಿಗೂ ಅದರದೇ ಸಂಕೇತ ಕೊಡುವ ಪದ್ಧತಿ) ರೂಢಿಗೆ ಬರುವ ಮುಂಚಿನ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ಹೋದರೆ ಅಡಿಯಲ್ಲಿದ್ದದ್ದು ಮೇಲೆ ಕಾಣುತ್ತದೆ. ಬಳಸಿದ್ದ ನುಡಿ ಅಥವಾ ಬರಹವನ್ನು ಮತ್ತೆ ಅನುಸ್ಥಾಪಿಸಿದರೆ ಅಕ್ಷರಗಳು ಮರಳುತ್ತವೆ. ಅದೇ ಹೊತ್ತಿನಲ್ಲಿ ಪರಿವರ್ತಕ ಬಳಸಿ ಮುಖ್ಯವಾದವನ್ನು ಯೂನಿಕೋಡಿಗೆ ಬದಲಿಸಿಟ್ಟುಕೊಂಡರೆ ಮುಂದಿನ ಸಲ ಈ ತಾಪತ್ರಯ ಇರುವುದಿಲ್ಲ.

ರ‍್ಯಾಮ್ (ಕೆಲಸದ ವೇಳೆ ಬಳಕೆಯಾಗುವ ನೆನಪಿನ ಚಿಪ್) 4 ಜಿಬಿ ಇದ್ದರೆ 8ಕ್ಕೆ ಏರಿಸಿ, ಅದಕ್ಕಿಂತ ಹೆಚ್ಚು ಬಹುತೇಕರಿಗೆ ಬೇಡ. ಕಂಪ್ಯೂಟರ್ ಬಿಡಿಭಾಗಗಳು ಸಿಗುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರು ಹಳೆಯ ಕಡ್ಡಿಯನ್ನೇ ಜೇಬಿನಲ್ಲಿಟ್ಟುಕೊಂಡು ಹೋಗುವುದು ಕ್ಷೇಮ. ಹಳೆಯ ಕಡ್ಡಿಗಳಲ್ಲೇ ಬಗೆಗಳಿವೆ: ಡಿಡಿಆರ್3 1.5 ವೋಲ್ಟಿನದು, ಡಿಡಿಆರ್3ಎಲ್ 1.35 ವೋಲ್ಟಿನದು. ನೋಡಲು ಎರಡೂ ಒಂದೇ, ತೂತಿಗೆ ಕೂರುವುದೂ ಒಂದೇ ರೀತಿ. ಆದರೆ ‘ಎಲ್’ ಬೇಡುವ ಯಂತ್ರಕ್ಕೆ ಬರಿಯ ಡಿಡಿಆರ್3 ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಬಿಚ್ಚಿದಾಗ ಟಚ್‌ಪ್ಯಾಡ್ ಕೆಳಗಿನ ಬ್ಯಾಟರಿ ಊದಿಕೊಂಡಿದ್ದು ಕಂಡರೆ ಒತ್ತಬೇಡಿ, ಚುಚ್ಚಬೇಡಿ, ದಿನದ ಕಸಕ್ಕೂ ಹಾಕಬೇಡಿ. ಅದು ಇ-ತ್ಯಾಜ್ಯ ಸಂಗ್ರಹಿಸುವವರ ಕೈಗೇ ಹೋಗಬೇಕು.

ಇಷ್ಟೆಲ್ಲ ಮಾಡಿದರೂ ಒಂದು ಮಿತಿ ಇದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ (ಭದ್ರತಾ ಅಪ್‌ಡೇಟ್‌ಗಳು) 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಯಂತ್ರದಲ್ಲಿರಬೇಕು; ಇಂಟೆಲ್‌ನದಾದರೆ ಪ್ರೊಸೆಸರ್ ಹೆಚ್ಚುಕಡಿಮೆ ಎಂಟನೇ ಪೀಳಿಗೆಯದು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಹತ್ತು ವರ್ಷ ದಾಟಿದ ಲ್ಯಾಪ್‌ಟಾಪಿನಲ್ಲಿ ಮಕ್ಕಳ ಓದು, ಬ್ರೌಸರ್, ಟೈಪಿಂಗ್ ಇಷ್ಟೇ ಇದ್ದರೆ ನಾನು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಡುತ್ತೇನೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ, ಅದೇ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರವನ್ನೂ ಮಾಡುವ ಅಂಗಡಿಯವರಿಗೆ ಮಾತ್ರ ಹೊಸದನ್ನು ಕೊಳ್ಳಿ ಎಂದು ಮುಲಾಜಿಲ್ಲದೆ ಹೇಳುತ್ತೇನೆ.

ಎಸ್‌ಎಸ್‌ಡಿ ಹಾಕಿಸಿದ ಮೇಲೆ ಹಳೆಯ ಡಿಸ್ಕನ್ನು ಕೇಳಿ ಪಡೆಯಿರಿ. ಕೆಟ್ಟಿರದಿದ್ದರೆ ಯುಎಸ್‌ಬಿ ಕೇಸಿಂಗ್ ಒಳಗಿಟ್ಟು ಹೆಚ್ಚುವರಿ ನಕಲಿಗೆ ಬಳಸಬಹುದು. ಕೆಟ್ಟಿದ್ದರೂ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಅದರಲ್ಲಿ ನಿಮ್ಮ ಆಧಾರ್, ಪ್ಯಾನ್ ಪ್ರತಿಗಳೂ ಬ್ರೌಸರ್ ನೆನಪಿಟ್ಟುಕೊಂಡ ಪಾಸ್‌ವರ್ಡ್‌ಗಳೂ ಇನ್ನೂ ಇರುತ್ತವೆ.