ಕ್ಲಿನಿಕ್ಕಿನ ಹಳೇ ಕಂಪ್ಯೂಟರ್ ಬದಲಾಯಿಸ್ಬೇಕಾ, ಇನ್ನೆರಡು ವರ್ಷ ತಳ್ಳಬಹುದಾ?

ಪ್ರಶ್ನೆ: ಸರ್, ನಮ್ದು ತಾಲೂಕು ಊರಲ್ಲಿ ಚಿಕ್ಕ ಕ್ಲಿನಿಕ್ಕು, ನಾನೊಬ್ನೇ ಡಾಕ್ಟ್ರು, ಜೊತೆಗೆ ಪುಟ್ಟದೊಂದು ಲ್ಯಾಬ್. ಮೂರು ಕಂಪ್ಯೂಟರ್ ಇದಾವೆ, 2014ರಿಂದ 2019ರ ಒಳಗೆ ಒಂದೊಂದಾಗಿ ತಗೊಂಡಿದ್ದು. ಈಗ ತುಂಬಾ ಸ್ಲೋ. ಸರ್ವೀಸಿಗೆ ಬರೋ ಹುಡುಗ "ವಿಂಡೋಸ್ 10 ಕಥೆ ಮುಗೀತು ಸಾರ್, ಮೂರೂ ಕೊಟ್ಟಾಕಿ ಹೊಸಾದು ತಗೊಳ್ಳಿ, ಒಂದೂಕಾಲು ಲಕ್ಷ ಆಗತ್ತೆ" ಅಂತಾನೆ. ನಡೀತಾ ಇರೋದನ್ನ ಯಾಕೆ ಬದಲಾಯಿಸ್ಬೇಕು?

ಉತ್ತರ: ಡಾಕ್ಟ್ರೇ, ಇದೇ ಪ್ರಶ್ನೆ ನಂಗೆ ತಿಂಗಳಿಗೆ ಎರಡ್ಮೂರು ಸಲ ಆದ್ರೂ ಬರತ್ತೆ, ಹಲ್ಲಿನ ಡಾಕ್ಟ್ರಿಂದ, ಸ್ಕ್ಯಾನಿಂಗ್ ಸೆಂಟರಿಂದ, ಹೋಮಿಯೋಪತಿಯವ್ರಿಂದ. ಆ ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜಾನೂ ಅಲ್ಲ. ಮೂರನ್ನೂ ಒಂದೇ ಸಲ ಎಸೆಯೋದು ಬೇಡ. ಆದ್ರೆ "ನಡೀತಿದೆ ಬಿಡಿ" ಅಂತ ಮೂರನ್ನೂ ಹಂಗೇ ಬಿಡೋದೂ ಬೇಡ. ಒಂದೊಂದು ಮಷೀನನ್ನ ಬೇರೆಬೇರೆ ನೋಡ್ಬೇಕು. ಎಷ್ಟು ವರ್ಷದ್ದು ಅನ್ನೋದಕ್ಕಿಂತ ಅದಕ್ಕೆ ಏನೇನು ಅಂಟ್ಕೊಂಡಿದೆ ಅನ್ನೋದು ಮುಖ್ಯ: ಯಾವ ಪ್ರಿಂಟರ್, ಯಾವ ಲ್ಯಾಬ್ ಮಷೀನ್, ಯಾವ ಸಾಫ್ಟ್‌ವೇರ್, ಯಾರ ಡೇಟಾ.

ಅದಕ್ಕೂ ಮುಂಚೆ ಒಂದು ಕೆಲ್ಸ. ಇವತ್ತು ಸಂಜೆ ಕೊನೇ ಪೇಷಂಟ್ ಹೋದ್ಮೇಲೆ ಬ್ಯಾಕಪ್ ಇದ್ಯಾ ನೋಡಿ. ಇದೆ ಅಂತ ಎಲ್ರೂ ಹೇಳ್ತಾರೆ, ತೆಗೆದು ತೋರಿಸಿ ಅಂದ್ರೆ ಅದೇ ಕಂಪ್ಯೂಟರಿನ ಡಿ ಡ್ರೈವಲ್ಲಿ ಇನ್ನೊಂದು ಕಾಪಿ ಇರತ್ತೆ, ಅದು ಬ್ಯಾಕಪ್ ಅಲ್ಲ, ಒಂದೇ ಬುಟ್ಟೀಲಿ ಎರಡು ಮೊಟ್ಟೆ. ಎರಡು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಗೊಳ್ಳಿ, ಒಂದು ವಾರ ಇದು ಒಂದು ವಾರ ಅದು, ಕೆಲ್ಸ ಇಲ್ದೇ ಇರೋದು ಮನೇಲಿರ್ಲಿ. ಚುಚ್ಚಿಟ್ಟೇ ಬಿಟ್ರೆ ರ‍್ಯಾನ್ಸಮ್‌ವೇರ್ (ಫೈಲಿಗೆಲ್ಲ ಬೀಗ ಹಾಕಿ ದುಡ್ಡು ಕೇಳೋ ವೈರಸ್ಸು) ಬಂದ ದಿನ ಅದನ್ನೂ ಸೇರಿಸಿ ಬೀಗ ಹಾಕತ್ತೆ. ಇನ್ನೊಂದು, ಪೇಷಂಟ್ ಸಾಫ್ಟ್‌ವೇರ್ ಓಡ್ತಾ ಇರೋವಾಗ ಅದರ ಫೋಲ್ಡರ್ ಕಾಪಿ ಹೊಡೆದ್ರೆ ಡೇಟಾಬೇಸ್ ಅರ್ಧಂಬರ್ಧ ಬರೋ ಚಾನ್ಸ್ ಇರತ್ತೆ, ಸಾಫ್ಟ್‌ವೇರ್ ಒಳಗೇ ಬ್ಯಾಕಪ್ ಅಂತ ಆಪ್ಷನ್ ಇರತ್ತಲ್ಲ ಅದನ್ನೇ ಬಳಸಿ, ಒಂದ್ಸಲ ಬೇರೆ ಮಷೀನಲ್ಲಿ ರಿಸ್ಟೋರ್ ಮಾಡಿಸಿ ನೋಡಿ.

ಈಗ ಸ್ಲೋ ವಿಷಯಕ್ಕೆ ಬರೋಣ. ಸ್ಲೋ ಆಗಿರೋ ಮಷೀನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದ್ರೆ ಟಾಸ್ಕ್ ಮ್ಯಾನೇಜರ್ ಬರತ್ತೆ, ಅದ್ರಲ್ಲಿ ಡಿಸ್ಕ್ ಅಂತ ಕಾಲಮ್ ಇದೆ. ಬೆಳಗ್ಗೆ ಆನ್ ಮಾಡಿದ ಹತ್ತು ನಿಮಿಷ ಅದು 100% ಅಂತ ಕೆಂಪಗೆ ಕೂತಿದ್ರೆ ನಿಮ್ಮ ರೋಗ ಹಾರ್ಡ್‌ಡಿಸ್ಕು, ಪ್ರೊಸೆಸರ್ ಅಲ್ಲ. ಒಳಗೆ ತಿರುಗೋ ತಟ್ಟೆ ಇರೋ ಹಳೇ ಡಿಸ್ಕು ಅದು. ಅದನ್ನ ತೆಗೆದು ತಿರುಗೋ ತಟ್ಟೆ ಇಲ್ಲದ ವೇಗದ ಡಿಸ್ಕು, ಅಂದ್ರೆ ಎಸ್‌ಎಸ್‌ಡಿ ಹಾಕಿ, 4 ಜಿಬಿ ರ‍್ಯಾಮ್ ಇದ್ರೆ 8 ಮಾಡಿದ್ರೆ ಎರಡು ನಿಮಿಷ ತಗೊಳ್ತಿದ್ದ ಬೂಟು ಇಪ್ಪತ್ತು ಸೆಕೆಂಡಿಗೆ ಬರತ್ತೆ. ಕೆಲವೇ ಸಾವಿರದ ಕೆಲ್ಸ, ಮೂವತ್ತು ನಲವತ್ತು ಸಾವಿರದ್ದಲ್ಲ. ಎಸ್‌ಎಸ್‌ಡಿ, ರ‍್ಯಾಮ್ ಎರಡೂ 2025ರ ಕೊನೇಲಿ ಎಐ ಡೇಟಾಸೆಂಟರ್‌ಗಳ ಹಸಿವಿಂದ ತುಟ್ಟಿಯಾದ್ವು, ಹಂಗಾಗಿ ಆ ದಿನದ ರೇಟ್ ಕೇಳ್ಕೊಂಡೇ ಹೋಗಿ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ, ಡಿಸ್ಕು ಒಟ್ಟು ಎಷ್ಟು ಗಂಟೆ ಓಡಿದೆ ಅಂತ ಅದು ತೋರಿಸತ್ತೆ. ದಿನಕ್ಕೆ ಹತ್ತು ಗಂಟೆ, ವರ್ಷಕ್ಕೆ ಮುನ್ನೂರು ದಿನ ಅಂದ್ರೆ ವರ್ಷಕ್ಕೆ 3,000 ಗಂಟೆ, ಹತ್ತು ವರ್ಷಕ್ಕೆ 30,000. ಅದ್ರಲ್ಲಿ ಡಿಸ್ಕಿನ ಆರೋಗ್ಯಾನೂ ತೋರಿಸತ್ತೆ, ನೀಲಿ ಬಣ್ಣ ಇದ್ರೆ ಸರಿ, ಹಳದಿ ಬಂದಿದ್ರೆ ಈ ಬರಹ ಇಲ್ಲೇ ಬಿಟ್ಟು ಬ್ಯಾಕಪ್ ತಗೊಳ್ಳಿ.

ಮತ್ತೆ ಕಂಪ್ಯೂಟರ್ ಹಾಳಾಯ್ತು ಅಂತ ಕರೆದ ಎಷ್ಟೋ ಕಡೆ ಕಂಪ್ಯೂಟರ್ ಸರಿಯಾಗೇ ಇರತ್ತೆ. ತೀರ್ಥಹಳ್ಳಿ ಕಡೆ ಒಂದು ಕ್ಲಿನಿಕ್ಕಲ್ಲಿ ರಿಸೆಪ್ಷನ್ ಹುಡುಗಿ ದಿನಾ ಬೆಳಗ್ಗೆ ಬಂದು ಮೊದ್ಲು ಗೋಡೆ ಕ್ಯಾಲೆಂಡರ್ ನೋಡಿ ಕಂಪ್ಯೂಟರಿಗೆ ತಾರೀಕು ಹಾಕ್ತಿದ್ಲು, ಒಂದು ವರ್ಷದಿಂದ, ಯಾರಿಗೂ ಹೇಳಿರ್ಲಿಲ್ಲ. ಮರೆತ ದಿನ ಬಿಲ್ಲಲ್ಲಿ 2013 ಅಂತ ಬರ್ತಿತ್ತಂತೆ, ಯಾವ ವೆಬ್‌ಸೈಟೂ ತೆರೀತಿರ್ಲಿಲ್ಲ, ಒಬ್ರ ಇನ್ಶೂರೆನ್ಸ್ ಕ್ಲೇಮ್ ಆ ತಾರೀಕಿಂದಾನೇ ವಾಪಸ್ ಬಂದಾಗ ವಿಷಯ ಹೊರಗೆ ಬಂತು. ಕ್ಯಾಬಿನೆಟ್ ಬಿಚ್ಚಿದೆ, ಫ್ಯಾನ್ ಮೇಲೆ ಧೂಳು ಕಂಬಳಿ ತರ ಕೂತಿತ್ತು, ಮೂಲೇಲಿ ಹಲ್ಲಿ ಮೊಟ್ಟೆ ಎರಡು, ಕಂಪ್ಯೂಟರ್ ಆಫ್ ಇದ್ದಾಗ್ಲೂ ತಾರೀಕು ನೆನಪಿಟ್ಕೊಳ್ಳೋಕೆ ಮದರ್‌ಬೋರ್ಡ್ ಮೇಲಿರೋ ನಾಣ್ಯದಂಥ ಸೆಲ್ಲು ಸತ್ತೋಗಿತ್ತು. ಸಿಆರ್2032 ಅಂತ, ವಾಚ್ ಅಂಗಡೀಲೂ ಸಿಗತ್ತೆ, ಐವತ್ತು ರೂಪಾಯಿ ಒಳಗೆ. ಅವ್ರಿಗೂ ಯಾರೋ ಹೊಸ ಕಂಪ್ಯೂಟರ್ ಕೊಟೇಶನ್ ಕೊಟ್ಟಾಗಿತ್ತು. ಹಂಗೇ ಮಳೆಗಾಲದಲ್ಲಿ ತಾನಾಗೇ ರೀಸ್ಟಾರ್ಟ್ ಆಗ್ತಿದ್ರೆ ಮೊದ್ಲು ಯುಪಿಎಸ್ ಬ್ಯಾಟರಿ ನೋಡಿ, ಎರಡ್ಮೂರು ವರ್ಷಕ್ಕೆ ಅದರ ಆಯಸ್ಸು ಮುಗಿಯತ್ತೆ.

ಇಷ್ಟು ಹೇಳಿದ್ಮೇಲೆ ಆ ಹುಡುಗ ಎಲ್ಲಿ ಸರಿ ಅಂತಾನೂ ಹೇಳ್ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಲ್ಲಿಸ್ತು. ಮಷೀನ್ ಅವತ್ತೇ ನಿಲ್ಲಲ್ಲ, ನಿಂತಿಲ್ಲ ಅನ್ನೋದನ್ನ ನೀವೇ ನೋಡ್ತಿದೀರಿ, ಅದೇ ಮೋಸ. ವಿಂಡೋಸಲ್ಲಿ ಮುಂದೆ ಸಿಗೋ ಸೆಕ್ಯುರಿಟಿ ತೂತುಗಳನ್ನ ಯಾರೂ ಮುಚ್ಚಲ್ಲ ಅಷ್ಟೇ. ಆಂಟಿವೈರಸ್ ಇದ್ಯಲ್ಲ ಅಂತೀರಿ. ಅದು ಮುಖಪರಿಚಯ ಇರೋ ಕಳ್ಳನ್ನ ಹಿಡಿಯೋ ವಾಚ್‌ಮನ್, ಮುರಿದಿರೋ ಚಿಲಕ ಅವನು ಸರಿಮಾಡಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ ಬೀಗ ಹಾಕೋ ವೈರಸ್ ಬಂದು ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟ್, ಆಪರೇಷನ್ ಎಲ್ಲ ಕ್ಯಾನ್ಸಲ್ ಆದ್ವಲ್ಲ, ಆ ತೂತಿಗೆ ತೇಪೆ ಮಾರ್ಚಲ್ಲೇ ಬಂದಿತ್ತು, ಹಾಕ್ಕೊಂಡಿರ್ಲಿಲ್ಲ. ನಮ್ಮಲ್ಲೂ 2022ರ ನವೆಂಬರಲ್ಲಿ ದೆಹಲಿ ಏಮ್ಸ್ ಸರ್ವರಿಗೆ ಏಟು ಬಿದ್ದು ದಿನಗಟ್ಟಲೆ ಓಪಿಡಿ ಚೀಟೀನ ಕೈಯಲ್ಲಿ ಬರೆದ್ರು. ಅವ್ರಿಗೆ ಒಂದು ಐಟಿ ಡಿಪಾರ್ಟ್‌ಮೆಂಟೇ ಇತ್ತು, ನಿಮಗಿರೋದು ಆ ಹುಡುಗ.

ಹಂಗಾದ್ರೆ ವಿಂಡೋಸ್ 11 ಹಾಕಿದ್ರಾಯ್ತಲ್ಲ? ಇಲ್ಲೇ ಗೆರೆ ಬೀಳೋದು. ಇಂಟೆಲ್ ಆದ್ರೆ ಎಂಟನೇ ಜನರೇಷನ್ ಮತ್ತು ಮೇಲಿನವಕ್ಕೆ, ಎಎಂಡಿ ರೈಜನ್ ಆದ್ರೆ ಹೆಚ್ಚುಕಮ್ಮಿ 2000 ಸೀರೀಸ್ ಮೇಲೆ, ಜೊತೆಗೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ಪು ಬೇಕು. ಪ್ರೊಸೆಸರ್ ಹೆಸರಲ್ಲೇ ಇದೆ ನೋಡಿ, ಐ3-4130 ಅಂದ್ರೆ ನಾಲ್ಕನೇದು, ಐ3-8100 ಅಂದ್ರೆ ಎಂಟನೇದು, ಐ3-10100 ಅಂದ್ರೆ ಹತ್ತನೇದು. ನಿಮ್ಮ 2014ರದ್ದು ಖಂಡಿತ ಗೆರೆಯಿಂದ ಕೆಳಗೆ. 2019ರದ್ದು ಬಹುಶಃ ಮೇಲೆ, ಅದನ್ನ ಎಸೆಯೋಕೆ ಕಾರಣಾನೇ ಇಲ್ಲ. ಇಲ್ಲೊಂದು ತಮಾಷೆ ಏನಂದ್ರೆ ಎಂಟನೇ ಜನರೇಷನ್ ಮಷೀನಲ್ಲೂ ವಿಂಡೋಸ್ 11 ಆಗತ್ತಾ ಅಂತ ನೋಡೋ ಮೈಕ್ರೋಸಾಫ್ಟಿನ ಹೆಲ್ತ್ ಚೆಕ್ ಟೂಲು ಎಷ್ಟೋ ಸಲ "ಆಗಲ್ಲ" ಅಂತ ತೋರಿಸತ್ತೆ, ಯಾಕಂದ್ರೆ ಬಯಾಸಲ್ಲಿ (ವಿಂಡೋಸ್ ಶುರುವಾಗೋ ಮುಂಚಿನ ಸೆಟ್ಟಿಂಗ್ ಸ್ಕ್ರೀನಲ್ಲಿ) ಟಿಪಿಎಂ ಆಫ್ ಆಗಿರತ್ತೆ. ಇಂಟೆಲ್ ಬೋರ್ಡಲ್ಲಿ ಪಿಟಿಟಿ, ಎಎಂಡೀಲಿ ಎಫ್‌ಟಿಪಿಎಂ ಅಂತ ಹೆಸರು, ಆನ್ ಮಾಡಿದ್ರೆ ಸರಿಹೋಗತ್ತೆ. ಅದನ್ನ ನೋಡದೇನೇ "ಸಪೋರ್ಟ್ ಇಲ್ಲ ಸಾರ್" ಅಂತ ಮಷೀನ್ ಮಾರೋರು ಇದಾರೆ, ನಮ್ಮ ಲೈನಲ್ಲೇ, ಹೇಳ್ಕೊಳ್ಳೋಕೆ ನಾಚ್ಕೆ.

ಗೆರೆಯಿಂದ ಕೆಳಗಿರೋದಕ್ಕೆ ಅಡ್ಡದಾರೀಲಿ ವಿಂಡೋಸ್ 11 ಹಾಕ್ಬಹುದು, ರೂಫಸ್ ಅಂತ ಟೂಲಿದೆ, ನಮ್ಮನೆ ಹಳೇ ಲ್ಯಾಪ್‌ಟಾಪಿಗೆ ನಾನೇ ಹಾಕಿದೀನಿ. ಕ್ಲಿನಿಕ್ಕಿಗೆ ಹಾಕ್ಕೊಡಲ್ಲ. ವರ್ಷಕ್ಕೊಂದು ದೊಡ್ಡ ಅಪ್‌ಡೇಟ್ ಅದಕ್ಕೆ ತಾನಾಗೇ ಬರಲ್ಲ, ಮೈಕ್ರೋಸಾಫ್ಟ್ ಯಾವ ಗ್ಯಾರಂಟೀನೂ ಕೊಡಲ್ಲ, ಭಾನುವಾರ ರಾತ್ರಿ ನಿಂತ್ರೆ ಸೋಮವಾರ ಬೆಳಗ್ಗೆ ನಿಮ್ಮ ಬಾಗ್ಲಲ್ಲಿ ಮೂವತ್ತು ಜನ ಇರ್ತಾರೆ. ದುಡ್ಡು ಕೊಟ್ಟು ವಿಂಡೋಸ್ 10ಕ್ಕೇ ಸೆಕ್ಯುರಿಟಿ ಅಪ್‌ಡೇಟ್ ತಗೊಳ್ಳೋ ಸ್ಕೀಮ್ ಇದೆ, ಇಎಸ್‌ಯು ಅಂತ. ಮನೆ ಬಳಕೆಯವ್ರಿಗೆ ಒಂದು ವರ್ಷದ್ದು, 2026ರ ಅಕ್ಟೋಬರ್ 13ರವರೆಗೆ. ವ್ಯಾಪಾರಕ್ಕಾದ್ರೆ ಮಷೀನಿಗೆ ಮೊದಲ ವರ್ಷ 61 ಡಾಲರ್, ಆಮೇಲೆ ಪ್ರತಿ ವರ್ಷ ಡಬಲ್, ಹೆಚ್ಚಂದ್ರೆ ಮೂರು ವರ್ಷ. ಲೆಕ್ಕ ಹಾಕಿ, ಮೂರು ವರ್ಷಕ್ಕೆ 427 ಡಾಲರ್, ಅಷ್ಟರಲ್ಲಿ ಒಂದು ಸಾಧಾರಣ ಹೊಸ ಡೆಸ್ಕ್‌ಟಾಪೇ ಬರತ್ತೆ. ನಿಮಗೆ ಅದು ಬೇಡ.

ಇನ್ನು ಲ್ಯಾಬ್ ಮಷೀನು. ಇಲ್ಲಿ ನನ್ನ ಸಲಹೆ ಉಲ್ಟಾ, ಮುಟ್ಟಬೇಡಿ. ಚಿಕ್ಕ ಲ್ಯಾಬಲ್ಲಿ ಸೆಲ್ ಕೌಂಟರ್, ಬಯೋಕೆಮಿಸ್ಟ್ರಿ ಅನಲೈಜರ್ ಇರತ್ತಲ್ಲ, ಹಿಂದ್ಗಡೆ ನೋಡಿ, ಒಂಬತ್ತು ಪಿನ್ನಿನ ಅಗಲವಾದ ಕನೆಕ್ಟರ್, ಎರಡೂ ಕಡೆ ಸ್ಕ್ರೂ ಇರೋದು, ಅದು ಸೀರಿಯಲ್ ಪೋರ್ಟು. ಹೊಸ ಕಂಪ್ಯೂಟರಲ್ಲಿ ಅದು ಸಾಮಾನ್ಯವಾಗಿ ಇರಲ್ಲ. ಯುಎಸ್‌ಬಿ ಕನ್ವರ್ಟರ್ ಹಾಕ್ಬಹುದು, ಕೆಲವು ಸಲ ನಡಿಯತ್ತೆ, ಕೆಲವು ಸಲ ಹಿಮೋಗ್ಲೋಬಿನ್ ಬರೋ ಜಾಗದಲ್ಲಿ ಏನೇನೋ ಚಿಹ್ನೆ ಬರತ್ತೆ, ಸೀರಿಯಲ್ ಪೋರ್ಟ್ ಕಾರ್ಡನ್ನೇ ಒಳಗೆ ಹಾಕೋದು ವಾಸಿ. ಅದಾದ್ರೂ ಸಾಫ್ಟ್‌ವೇರ್ ವಿಂಡೋಸ್ 7ರ 32 ಬಿಟ್ಟಿಗೆ ಮಾತ್ರ ಅಂತಿದ್ರೆ ಮುಗೀತು, ವಿಂಡೋಸ್ 11ರಲ್ಲಿ 32 ಬಿಟ್ಟಿನ ವರ್ಷನ್ನೇ ಇಲ್ಲ. ಅನಲೈಜರ್ ಕಂಪನಿ ಇಂಜಿನಿಯರಿಗೆ ಫೋನ್ ಮಾಡಿ "ಹೊಸ ವಿಂಡೋಸಲ್ಲಿ ಓಡತ್ತಾ, ವಾಟ್ಸಾಪಲ್ಲಿ ಬರೆದು ಕಳ್ಸಿ" ಅನ್ನಿ, ಬಾಯ್ಮಾತಿಗೆ ಬೆಲೆ ಇಲ್ಲ. ಇಲ್ಲ ಅಂದ್ರೆ ಹಳೇ ಮಷೀನ್ ಹಂಗೇ ಇಟ್ಕೊಂಡು ನೆಟ್ ಕೇಬಲ್ ಕಿತ್ತಾಕಿ, ವೈಫೈ ತೆಗೀರಿ, ಊರೆಲ್ಲ ಸುತ್ತಿ ಬಂದ ಪೆನ್‌ಡ್ರೈವ್ ಚುಚ್ಚಬೇಡಿ. ರಿಪೋರ್ಟ್ ಅಲ್ಲೇ ಪ್ರಿಂಟ್ ಹೊಡೀರಿ, ವಾಟ್ಸಾಪಿಗೆ ಕಳಿಸೋದಿದ್ರೆ ಆ ಪ್ರಿಂಟನ್ನ ರಿಸೆಪ್ಷನ್ನಲ್ಲಿ ಸ್ಕ್ಯಾನ್ ಮಾಡ್ಲಿ. ಡಿಸ್ಕು ಸಾಯೋ ಮುಂಚೆ ಅದನ್ನ ಹಂಗಂಗೇ ಕ್ಲೋನ್ ಮಾಡ್ಸಿ ಒಂದು ಎಸ್‌ಎಸ್‌ಡಿಗೆ ಇಳಿಸ್ಕೊಳ್ಳಿ, ಆ ಸಾಫ್ಟ್‌ವೇರ್ ಸಿಡಿ ಕಳೆದೋಗಿರತ್ತೆ, ನಂಗೊತ್ತು.

ಅಂದ್ರೆ ನಿಜವಾಗ್ಲೂ ಹೋಗ್ಬೇಕಾಗಿರೋದು ಒಂದೇ, ಗೆರೆಯಿಂದ ಕೆಳಗಿದ್ದು, ನೆಟ್ಟಲ್ಲೂ ಇದ್ದು, ಪೇಷಂಟ್ ಡೇಟಾ ಇಟ್ಕೊಂಡಿರೋದು. ನಿಮ್ಮಲ್ಲಿ ಅದು ರಿಸೆಪ್ಷನ್ನದ್ದು ಅನ್ಸತ್ತೆ. ಅದಕ್ಕೆ ಎಸ್‌ಎಸ್‌ಡಿ ಖರ್ಚು ಕೂಡ ಮಾಡ್ಬೇಡಿ. 2019ರದ್ದು ನಿಮ್ಮ ಟೇಬಲ್ ಮೇಲಿದ್ರೆ ಅದಕ್ಕೆ ಎಸ್‌ಎಸ್‌ಡಿ, ವಿಂಡೋಸ್ 11 ಹಾಕಿಸಿ, ಮುಗೀತು.

ಹೊಸಾದೇ ಆಗ್ಬೇಕು ಅಂತಿಲ್ಲ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಕಂಪನಿಗಳಿಂದ ವಾಪಸ್ ಬಂದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ರಾಶಿ ಬಿದ್ದಿರತ್ತೆ, ಗಟ್ಟಿ ಮಷೀನುಗಳು, ಅರ್ಧಕ್ಕರ್ಧ ರೇಟು. ಆದ್ರೆ ನಂಬರ್ ನೋಡಿ ತಗೊಳ್ಳಿ. ಆಪ್ಟಿಪ್ಲೆಕ್ಸ್ 3050 ಅಗ್ಗಕ್ಕೆ ಸಿಗತ್ತೆ, ಯಾಕೆ ಅಂದ್ರೆ ಅದು ಆರು-ಏಳನೇ ಜನರೇಷನ್, ವಿಂಡೋಸ್ 11 ಹಿಡಿಸಲ್ಲ ಅಂತಾನೇ ಕಂಪನಿಯವ್ರು ಹೊರಗೆ ಹಾಕಿದ್ದು. 3060 ಅಂದ್ರೆ ಎಂಟನೇದು. ಎಲೈಟ್‌ಡೆಸ್ಕಲ್ಲಿ ಜಿ4, ಥಿಂಕ್‌ಸೆಂಟರಲ್ಲಿ ಎಂ720 ಇಂದ ಮೇಲೆ ಕೇಳಿ. ಜಿಎಸ್‌ಟಿ ಬಿಲ್ಲು, ವಾರಂಟಿ ಕಾರ್ಡು ತಗೊಳ್ಳಿ. ಆ 18% ಜಿಎಸ್‌ಟಿ ನಿಮಗೆ ವಾಪಸ್ ಸಿಗಲ್ಲ, ಡಾಕ್ಟ್ರ ಸೇವೆಗೇ ಜಿಎಸ್‌ಟಿ ಇಲ್ಲದ್ರಿಂದ, ಹಂಗಾಗಿ ಬಜೆಟ್ ಹಾಕೋವಾಗ ಅದನ್ನೂ ಸೇರಿಸ್ಕೊಳ್ಳಿ. ಕಂಪ್ಯೂಟರ್ ಸವಕಳಿ ವರ್ಷಕ್ಕೆ 40% ತೋರಿಸ್ಬಹುದು, ಆದ್ರೆ ಆದಾಯದ ಅರ್ಧ ಲಾಭ ಅಂತ ತೋರಿಸೋ ಸುಲಭದ ದಾರಿ ಹಿಡಿದಿದ್ರೆ ಅದೂ ಬೇರೆಯಾಗಿ ಇಲ್ಲ. ಆಡಿಟರ್‌ನ ಕೇಳಿ.

ಹೊಸ ಮಷೀನ್ ಬಂದ ದಿನ ಎರಡು ವಿಷಯ ನೀವೇ ಪಕ್ಕದಲ್ಲಿ ನಿಂತು ನೋಡ್ಬೇಕು. ಒಂದು, ವಿಂಡೋಸ್ 11 ಸೆಟಪ್ಪಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಕೇಳತ್ತೆ, ಹುಡುಗ ತನ್ನ ಇಮೇಲ್ ಹಾಕಿ ಬೇಗ ಮುಗಿಸಿಬಿಡ್ತಾನೆ. ಈಗಿನ ವರ್ಷನ್‌ಗಳಲ್ಲಿ ಡಿಸ್ಕಿಗೆ ತಾನಾಗೇ ಬೀಗ ಬೀಳತ್ತೆ, ಬೀಗದ ಕೈ ಆ ಅಕೌಂಟಲ್ಲಿ ಹೋಗಿ ಕೂರತ್ತೆ. ಎರಡು ವರ್ಷ ಬಿಟ್ಟು ನೀಲಿ ಸ್ಕ್ರೀನಲ್ಲಿ 48 ಅಂಕಿಯ ಕೀ ಕೇಳಿದಾಗ ಆ ಹುಡುಗ ದುಬೈಲಿರ್ತಾನೆ. ಕ್ಲಿನಿಕ್ ಹೆಸರಲ್ಲೇ ಒಂದು ಇಮೇಲ್ ಮಾಡಿ, ಕೀ ಪ್ರಿಂಟ್ ತೆಗೆದು ಬೀರೂಲಿಡಿ. ಇನ್ನೊಂದು, ನುಡಿ. "ಊಟಕ್ಕೆ ಮುಂಚೆ, ಊಟ ಆದ್ಮೇಲೆ", ಪಥ್ಯದ ಚೀಟಿ, ಕನ್ಸೆಂಟ್ ಫಾರಂ ಇದೆಲ್ಲ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿಟ್ಟಿರ್ತೀರಿ, ಹೊಸ ಮಷೀನಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣತ್ತೆ. ಫೈಲ್ ಹಾಳಾಗಿರಲ್ಲ, ಗಾಬರಿ ಆಗ್ಬೇಡಿ, ಆ ಫಾಂಟ್ ಹಾಕಿದ್ರೆ ಬರತ್ತೆ. ಕೂತು ಒಂದ್ಸಲ ಯೂನಿಕೋಡಿಗೆ ಬದಲಾಯಿಸ್ಕೊಂಡ್ರೆ ಮುಂದೆ ಮೊಬೈಲಲ್ಲೂ ಓದ್ಬಹುದು.

ಹಳೇದನ್ನ ಎಕ್ಸ್‌ಚೇಂಜಿಗೆ ಕೊಡ್ತೀರಲ್ಲ, ಹಾರ್ಡ್‌ಡಿಸ್ಕ್ ಬಿಚ್ಚಿಟ್ಕೊಂಡು ಕೊಡಿ. ನಾನೊಮ್ಮೆ ಬಿಡಿಭಾಗಕ್ಕೆ ಅಂತ ಸೆಕೆಂಡ್‌ಹ್ಯಾಂಡ್ ಡಿಸ್ಕ್ ತಂದು ರಿಕವರಿ ಸಾಫ್ಟ್‌ವೇರ್ ಟೆಸ್ಟ್ ಮಾಡೋಣ ಅಂತ ಓಡಿಸಿದ್ರೆ ಯಾವುದೋ ಲ್ಯಾಬಿನ ರಿಪೋರ್ಟುಗಳು ಸಾಲಾಗಿ ಬಂದ್ವು, ಹೆಸರು, ವಯಸ್ಸು, ಫೋನ್ ನಂಬರ್, ಎಚ್‌ಐವಿ ಟೆಸ್ಟ್ ರಿಸಲ್ಟ್ ಸಮೇತ. ಫಾರ್ಮ್ಯಾಟ್ ಮಾಡಿದ ಡಿಸ್ಕೇ ಅದು. ಅದರಲ್ಲಿ ಒಬ್ರು ನಮ್ಮ ಬೀದಿಯವ್ರು. ಅಲ್ಲೇ ನಿಲ್ಲಿಸಿ ಡ್ರಿಲ್ ತಗೊಂಡು ತೂತು ಹೊಡೆದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೇಲಿ ಇಂಥ ಅಜಾಗರೂಕತೆಗೆ 250 ಕೋಟಿವರೆಗೂ ದಂಡ ಇದೆ, ಚಿಕ್ಕ ಕ್ಲಿನಿಕ್ಕಿಗೆ ಅಷ್ಟು ಹಾಕ್ತಾರೆ ಅಂತಲ್ಲ, ಬೀದಿಯವ್ರಿಗೆ ಗೊತ್ತಾದ್ರೆ ಸಾಕಲ್ಲ. ಡಬ್ಬ ಕೊಡಿ, ಡಿಸ್ಕು ಡ್ರಿಲ್ ಹೊಡೆಸಿ ಆಮೇಲೆ ಇ-ವೇಸ್ಟ್ ತಗೊಳ್ಳೋರಿಗೆ ಹಾಕಿ.

ಆಮೇಲೆ ಆ ಲ್ಯಾಬ್ ಕಂಪ್ಯೂಟರಿನ ಮಾನಿಟರ್ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿ, "ಇದಕ್ಕೆ ನೆಟ್ ಕೊಡಬೇಡಿ" ಅಂತ. ಅಂಟಿಸದಿದ್ರೆ ಹೊಸದಾಗಿ ಸೇರಿದ ಟೆಕ್ನೀಷಿಯನ್ ಮೊದಲನೇ ವಾರಾನೇ ತನ್ನ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಹಾಡು ಹಾಕ್ಕೊಂಡಿರ್ತಾನೆ.